ನೋವಿಲ್ಲದ ಹುಣ್ಣಿಗೆ ಸಾಕ್ಷಿ ಯಾರು?

ಬಳ್ಳಾರಿಯಿಂದ ಹೊಸಪೇಟೆಯ ಕಡೆ ಹೊರಟರೆ ಕುಡತಿನಿಯಲ್ಲಿ ಎರಡು ಬಗೆಯ ಬೂದಿ ಸಿಗುತ್ತದೆ. ಒಂದು ಕಲ್ಲಿದ್ದಲು ಉರಿಸಿ ವಿದ್ಯುತ್ ತೆಗೆಯುವ ಸ್ಥಾವರದ ಹಾರುಬೂದಿ. ಇನ್ನೊಂದು ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಬೂದಿದಿಬ್ಬ. ಇಂಥ ದಿಬ್ಬಗಳನ್ನು ಈ ಸೀಮೆಯ ಜನ ರಕ್ಕಸರನ್ನು ಸುಟ್ಟ ಬೂದಿ ಎಂದರು. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯ ಚಿತಾಭಸ್ಮವಾಯಿತು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಹತ್ತೊಂಬತ್ತನೆಯ ಶತಮಾನದಲ್ಲೇ ಇದು ಸುಟ್ಟ ಸಗಣಿ ಎಂದು ಊಹಿಸಿದ್ದ. ಎಫ್. ಆರ್. ಆಲ್ಚಿನ್ 1963ರ ತಮ್ಮ ಪುಸ್ತಕದಲ್ಲಿ ಅದನ್ನು ಗಟ್ಟಿಯಾಗಿ ಸಮರ್ಥಿಸಿದರು. ಮೂರನೆಯ ಬೂದಿ ಹಣೆಯ ಮೇಲಿರುತ್ತದೆ: ವಿಭೂತಿ, ಶಾಸ್ತ್ರದ ಪ್ರಕಾರ ಅದೂ ಸುಟ್ಟ ಸಗಣಿಯೇ. ಒಂದೇ ಪದಾರ್ಥ ಒಂದು ಕಡೆ ಪುರಾಣ, ಒಂದು ಕಡೆ ಪುರಾತತ್ವ, ಇನ್ನೊಂದು ಕಡೆ ಲಿಂಗಾಯತರ ಅಷ್ಟಾವರಣದಲ್ಲೊಂದು. ಈ ಬೂದಿಗೆ ಇನ್ನೂ ಒಂದು ಜಾಗವಿದೆ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಸಕ್ಕರೆ ಕಾಯಿಲೆಯವರ ಅಂಗಾಲಿನಲ್ಲಿ ತಿಂಗಳುಗಟ್ಟಲೆ ಮಾಯದೆ ಉಳಿದ ಹುಣ್ಣಿನ ಮೇಲೆ, ಅರಿಶಿನ, ಬೇವಿನ ರಸ, ಜೇನು, ತುಪ್ಪ, ಲೋಳೆಸರಗಳ ಜೊತೆಗೆ, ಅದೂ ಬೀಳುತ್ತದೆ. ಹಣೆಯ ಮೇಲೆ ಇದ್ದ ಪಾವಿತ್ರ್ಯ ಅಂಗಾಲಿಗೂ ಇಳಿಯುತ್ತದೆಯೇ ಎಂಬುದು ಈ ಬರಹದ ಪ್ರಶ್ನೆ.

ಮೇಲ್ನೋಟಕ್ಕೆ ಇದು ವೈದ್ಯರು ತೀರ್ಮಾನಿಸಬೇಕಾದ ಮಾತು ಎನಿಸಬಹುದು. ಆದರೆ ಅರಿಶಿನ ಹಚ್ಚುವ ಕೈ ಕೇವಲ ಔಷಧಿ ಹಚ್ಚುತ್ತಿರುವುದಿಲ್ಲ. ಮೈಲಾರಲಿಂಗನ ಭಂಡಾರವೂ ಅರಿಶಿನವೇ, ಮದುವೆಯ ಮನೆಯ ಮೊದಲ ಶಾಸ್ತ್ರವೂ ಅರಿಶಿನವೇ. ಬೇವು ಅಮ್ಮನ ಗಿಡ. ತುಪ್ಪ ಜೇನುಗಳು ಪಂಚಾಮೃತದಲ್ಲಿ ಸೇರಿದವು. ಜೇನಿನಲ್ಲಿ ಜನರಿಗೆ ಶಮನವಿದೆ ಎಂದು ಕುರಾನೂ ಹೇಳುತ್ತದೆ. ಹೀಗೆ ಪೂಜೆಯಲ್ಲಿ ಕೈ ಪಳಗಿದ ಪದಾರ್ಥ ಗಾಯದ ಮೇಲೂ ಕೆಡುಕು ಮಾಡಲಾರದು ಎಂಬ ಭರವಸೆ ನಮ್ಮೊಳಗೆ ತಾನಾಗಿ ಹುಟ್ಟುತ್ತದೆ. ಈಚೆಗೆ ಅದೇ ಭರವಸೆ ಹೊಸ ಅಂಗಿ ತೊಟ್ಟು ಬಂದಿದೆ. ಔಷಧಿ ಅಂಗಡಿಯ ಮುಲಾಮಿನ ಡಬ್ಬಿಯ ಮೇಲೆ 'ನ್ಯಾಚುರಲ್' ಎಂದಿದ್ದರೆ ನಾವು ಅರ್ಧ ಪರೀಕ್ಷೆ ಮುಗಿಯಿತೆಂದು ತಿಳಿಯುತ್ತೇವೆ. 'ಪವಿತ್ರ' ಮಾಡುತ್ತಿದ್ದ ಕೆಲಸವನ್ನು ಈಗ 'ನೈಸರ್ಗಿಕ' ಮಾಡುತ್ತಿದೆ. ಎರಡೂ ಪದಗಳು ಆ ಪದಾರ್ಥಕ್ಕೂ ನಮಗೂ ಇರುವ ನಂಟನ್ನು ಹೇಳುತ್ತವೆ. ಗಾಯದೊಳಗೆ ಅದು ಏನು ಮಾಡುತ್ತದೆ ಎಂಬುದನ್ನು ಅವೆರಡೂ ಹೇಳಲಾರವು. ಇದಿಷ್ಟೇ ಆಗಿದ್ದರೆ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು. ಸಕ್ಕರೆ ಕಾಯಿಲೆಯ ಹುಣ್ಣು ಈ ಪ್ರಶ್ನೆಗೆ ಒಂದು ವಿಚಿತ್ರ ತಿರುವು ಕೊಡುತ್ತದೆ, ಅದಕ್ಕಾಗಿ ಆ ಹುಣ್ಣನ್ನೇ ಹತ್ತಿರದಿಂದ ನೋಡಬೇಕು.

ಹೆಬ್ಬೆರಳಿನ ಬುಡದಲ್ಲಿ, ನಡೆಯುವಾಗ ಮೈಭಾರ ಬೀಳುವ ಜಾಗದಲ್ಲಿ, ಚರ್ಮ ದಪ್ಪಗಾಗಿ ಹಳದಿ ಬಣ್ಣದ ಆಣಿ ಕಟ್ಟುತ್ತದೆ. ಗಟ್ಟಿಮುಟ್ಟಾದ ಕಾಲಿಗೆ ಅದು ಚಪ್ಪಲಿಯೊಳಗೆ ಸಿಕ್ಕಿದ ಕಲ್ಲಿನಂತೆ ಒತ್ತುತ್ತದೆ. ಮನುಷ್ಯ ಗೊತ್ತಿಲ್ಲದೆಯೇ ಹೆಜ್ಜೆ ಓರೆ ಮಾಡಿ ಆ ಜಾಗವನ್ನು ಕಾಪಾಡಿಕೊಳ್ಳುತ್ತಾನೆ. ವರ್ಷಗಟ್ಟಲೆ ಏರಿದ ಸಕ್ಕರೆ ನರಗಳನ್ನು ಕೆಡಿಸಿದ ಕಾಲಿಗೆ ಆ ಒತ್ತು ತಿಳಿಯುವುದಿಲ್ಲ. ಮೊದಲು ಜೋಮು, ಆಮೇಲೆ ಉರಿ, ಆಮೇಲೆ ಏನೂ ಇಲ್ಲ. ಕಾಲಿನಿಂದ ಚಪ್ಪಲಿ ಕಳಚಿ ಹಿಂದೆ ಬಿದ್ದರೂ ಹತ್ತು ಹೆಜ್ಜೆ ಮುಂದೆ ಹೋದಮೇಲೆ, ಅದೂ ಯಾರೋ ಕೂಗಿ ಹೇಳಿದ ಮೇಲೆ ಗೊತ್ತಾಗುತ್ತದೆ. ಆಣಿಯ ಅಡಿಯಲ್ಲಿ ಮಾಂಸ ಜಜ್ಜಿ ರಕ್ತ ಸೋರಿ ಒಂದು ಕಪ್ಪು ಚುಕ್ಕೆ ಮೂಡುತ್ತದೆ. ಆಣಿಯನ್ನು ಹೆರೆದು ನೋಡಿದರೆ ಬಾಯಿ ಸಣ್ಣದು, ಒಳಗೆ ಗುಂಡಿ. ಸಿರುಗುಪ್ಪದ ಗದ್ದೆಯಲ್ಲಿ ದಿನವಿಡೀ ಕೆಸರಲ್ಲಿ ನಿಂತು ನಾಟಿ ಮಾಡುವ ಕಾಲಿನ ಚರ್ಮ ನೆನೆದು ಮೆತ್ತಗಾಗಿರುತ್ತದೆ. ಅದಕ್ಕೆ ಕೂಳೆಯ ಚೂಪು ಸಾಕು. ಈ ಗುಂಡಿಯ ಮೇಲೆ ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ ಮೆತ್ತಿದರೆ ಬೆಳಗಾಗುವುದರೊಳಗೆ ಹಕ್ಕಳೆ ಕಟ್ಟುತ್ತದೆ. ಹಕ್ಕಳೆ ನೋಡಿ 'ಗಾಯ ಒಣಗಿತು' ಎನ್ನುತ್ತೇವೆ. ಒಣಗುವುದೇ ಮಾಯುವುದು ಎಂದು ನಮ್ಮ ಭಾಷೆಯೇ ತೀರ್ಮಾನಿಸಿಬಿಟ್ಟಿದೆ. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಇದು ತಿರುಗುಮುರುಗಾಯಿತು: ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡಿತು, ಗಾಳಿಗೆ ಬಿಟ್ಟು ಒಣಗಿಸಿದ್ದು ಹಿಂದೆ ಬಿತ್ತು. ಹಕ್ಕಳೆಯ ಕೆಳಗೆ ಸಿಕ್ಕಿಬಿದ್ದ ಕೀವು ಮಾತ್ರ ಒಣಗಿರುವುದಿಲ್ಲ. ಅದು ಬೆರಳ ಸಂದಿಗೆ, ಅಲ್ಲಿಂದ ಎಲುಬಿಗೆ ದಾರಿ ಮಾಡಿಕೊಳ್ಳುತ್ತದೆ, ನೋವಿಲ್ಲದೆ.

ಈ 'ನೋವಿಲ್ಲದೆ' ಎಂಬ ಮಾತೇ ತತ್ವಶಾಸ್ತ್ರದ ಗಂಟು. ಮನೆಮದ್ದಿನ ಪರವಾಗಿ ಎಲ್ಲರೂ ಕೊಡುವ ಸಾಕ್ಷಿ ಅನುಭವದ್ದು: ಹಚ್ಚಿದೆ, ಹಗುರಾಯಿತು. ಸಾಮಾನ್ಯ ಗಾಯದಲ್ಲಿ ಈ ಸಾಕ್ಷಿಗೆ ಬೆಲೆಯಿದೆ. ಬೆರಳು ಕುಯ್ದುಕೊಂಡವನಿಗೆ ನೋವು ಇಳಿಯಿತೋ ಏರಿತೋ ಅವನೇ ಬಲ್ಲ, ಏರಿದರೆ ಅವನೇ ದವಾಖಾನೆಗೆ ಓಡುತ್ತಾನೆ. ಮರಗಟ್ಟಿದ ಅಂಗಾಲಿನಲ್ಲಿ ಅನುಭವಿಸುವವನೇ ಇಲ್ಲ. ಅಲ್ಲಿ 'ಏನೂ ನೋವಿಲ್ಲ, ಚೆನ್ನಾಗಿದೆ' ಎಂಬುದು ಗುಣವಾದ ಲಕ್ಷಣ ಆಗಿರಬಹುದು, ರೋಗದ ಲಕ್ಷಣವೂ ಆಗಿರಬಹುದು; ಒಳಗಿನಿಂದ ಎರಡೂ ಒಂದೇ ತೆರ ಕಾಣುತ್ತವೆ. ಚರಕಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಯಾವುದನ್ನೇ ಪರೀಕ್ಷಿಸಲು ನಾಲ್ಕು ದಾರಿ ಹೇಳಿದೆ: ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ. ಬೇರೆ ದರ್ಶನಗಳು ಪ್ರತ್ಯೇಕವಾಗಿ ಎಣಿಸದ ಯುಕ್ತಿಯನ್ನು ವೈದ್ಯಗ್ರಂಥ ಸೇರಿಸಿಕೊಂಡದ್ದು ಸುಮ್ಮನೆ ಅಲ್ಲ. ಹಲವು ಕಾರಣಗಳು ಕೂಡಿ ಒಂದು ಫಲ ಹುಟ್ಟುವ ಕಡೆ, ಯಾವುದು ಎಷ್ಟು ಕೆಲಸ ಮಾಡಿತು ಎಂದು ಬಿಡಿಸಿ ನೋಡುವ ಬುದ್ಧಿ ಅದು. ಸಕ್ಕರೆ ಕಾಯಿಲೆಯ ಪಾದದಲ್ಲಿ ರೋಗಿಯ ಪ್ರತ್ಯಕ್ಷ ಕುರುಡಾಗಿದೆ. ಉಳಿದದ್ದು ಬೇರೆಯವರ ಕಣ್ಣು, ಅನುಮಾನ, ಮತ್ತು ಯುಕ್ತಿ. ಹಾಗಿದ್ದೂ ನಾವು ಆ ಕುರುಡು ಸಾಕ್ಷಿಯನ್ನೇ ಕಟಕಟೆಗೆ ತಂದು ಅರಿಶಿನದ ಪರ ತೀರ್ಪು ಬರೆಸುತ್ತೇವೆ.

ಅರಿಶಿನದ ಹೆಸರು ಬಂದಾಗ ಒಂದು ದೊಡ್ಡ ತಕರಾರು ಏಳುತ್ತದೆ. ಅಮೆರಿಕದವರು ಪೇಟೆಂಟ್ ತೆಗೆದುಕೊಳ್ಳಲು ಹೊರಟ ಅರಿಶಿನವಲ್ಲವೇ ಇದು, ನಮ್ಮವರು ಹೋರಾಡಿ ಗೆಲ್ಲಲಿಲ್ಲವೇ ಎಂದು. ಗೆದ್ದದ್ದು ನಿಜ. ಗಾಯ ಮಾಯಿಸಲು ಅರಿಶಿನ ಬಳಸುವ ವಿಧಾನಕ್ಕೆ 1995ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ರಘುನಾಥ ಮಾಶೇಲ್ಕರ್ ಮುಂದಾಳಾಗಿದ್ದ ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್ಐಆರ್ 1996ರಲ್ಲಿ ಅದನ್ನು ಪ್ರಶ್ನಿಸಿತು. ಹಳೆಯ ಗ್ರಂಥ, ಹಳೆಯ ಲೇಖನಗಳನ್ನು ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಆ ಗೆಲುವಿನ ಬಗ್ಗೆ ಹೆಮ್ಮೆ ಪಡಲು ಕಾರಣವಿದೆ. ಆದರೆ ಆ ಕಚೇರಿಯಲ್ಲಿ ತೀರ್ಮಾನವಾದ ಪ್ರಶ್ನೆ ಯಾವುದು? ಇದು ಹೊಸತೋ ಹಳೆಯದೋ ಎಂಬುದು. ಹಳೆಯದು ಎಂದು ರುಜುವಾತಾಯಿತು. ಅರಿಶಿನ ಸಕ್ಕರೆ ಕಾಯಿಲೆಯ ಹುಣ್ಣನ್ನು ಮಾಯಿಸುತ್ತದೆಯೇ ಎಂದು ಅಲ್ಲಿ ಯಾರೂ ಕೇಳಲಿಲ್ಲ, ಯಾರೂ ಉತ್ತರಿಸಲೂ ಇಲ್ಲ. 'ನಮಗೆ ಮೊದಲೇ ಗೊತ್ತಿತ್ತು' ಮತ್ತು 'ಅದು ನಿಜ' ಎಂಬೆರಡು ಮಾತುಗಳ ನಡುವೆ ಇರುವ ಅಂತರವನ್ನು ನಾವು ಆ ಸಂಭ್ರಮದಲ್ಲಿ ದಾಟಿಬಿಟ್ಟೆವು. ಅರಿಶಿನದ ಸತ್ವವಾದ ಕರ್ಕ್ಯುಮಿನ್ ಬಗ್ಗೆ ಪ್ರಯೋಗಾಲಯದ ಲೇಖನಗಳು ರಾಶಿ ಬಿದ್ದಿವೆ. 2017ರಲ್ಲಿ ಔಷಧ ರಸಾಯನ ವಿಜ್ಞಾನಿಗಳ ಒಂದು ತಂಡ ಅವನ್ನೆಲ್ಲ ಜಾಲಾಡಿ, ಮನುಷ್ಯರ ಮೇಲಿನ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಅದು ಗೆದ್ದ ಉದಾಹರಣೆ ಸಿಗಲಿಲ್ಲ ಎಂದು ಬರೆಯಿತು. ನೀರಲ್ಲಿ ಕರಗದ, ಬೇಗ ಒಡೆದುಹೋಗುವ ಕಣ ಅದು. ಇನ್ನು ಪೇಟೆಯ ಪುಡಿಯಲ್ಲಿ ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸುವ ದಂಧೆ ದಕ್ಷಿಣ ಏಷ್ಯಾದ ಹಲವು ಕಡೆ ಸಿಕ್ಕಿಬಿದ್ದಿದೆ. ದೇವರ ಭಂಡಾರಕ್ಕೆ ತಂದ ಪೊಟ್ಟಣ ಯಾವ ಗಿರಣಿಯದು ಎಂದು ದೇವರೂ ವಿಚಾರಿಸುವುದಿಲ್ಲ.

ಬೂದಿ, ಸಗಣಿಯ ಮಾತು ಇದಕ್ಕಿಂತ ಕಟು. ಆಗತಾನೆ ಒಲೆಯಿಂದ ತೆಗೆದ ಬೂದಿ ಕಾದು ಶುದ್ಧವಾಗಿರುತ್ತದೆ, ತೇವ ಹೀರುತ್ತದೆ, ಕ್ಷಾರಗುಣದಿಂದ ಕ್ರಿಮಿಗಳಿಗೆ ತೊಂದರೆ ಕೊಡುತ್ತದೆ. ಬೇರೇನೂ ಇಲ್ಲದ ಕಾಲದಲ್ಲಿ ಅದನ್ನು ಗಾಯಕ್ಕೆ ಹಾಕಿದವರು ದಡ್ಡರಾಗಿರಲಿಲ್ಲ. ಕರಡಿಗೆಯಲ್ಲೋ ತೆರೆದ ತಟ್ಟೆಯಲ್ಲೋ ಇದ್ದು ಹತ್ತು ಕೈ ಮುಟ್ಟಿದ ಭಸ್ಮಕ್ಕೆ ಆ ಗುಣ ಉಳಿದಿರುವುದಿಲ್ಲ. ಸುಡದ ಸಗಣಿಯಲ್ಲಿ ಧನುರ್ವಾಯುವಿನ ಬೀಜಕಣಗಳಿರುತ್ತವೆ. ಹಸುಗೂಸಿನ ಹೊಕ್ಕುಳಿಗೆ ಸಗಣಿ ಹಚ್ಚುವ ರೂಢಿ ಎಷ್ಟೋ ಕೂಸುಗಳನ್ನು ಸೆಟೆಸಿ ಕೊಂದಿತು. ಹೆರಿಗೆ ಆಸ್ಪತ್ರೆಗೆ ಬಂದು, ಗರ್ಭಿಣಿಯರಿಗೆ ಚುಚ್ಚುಮದ್ದು ಬಿದ್ದು, ಹೊಕ್ಕುಳು ಬರಿದಾಗಿ ಉಳಿದ ಮೇಲೆ 2015ರಲ್ಲಿ ಭಾರತ ತಾಯಿ-ಶಿಶು ಧನುರ್ವಾಯುವನ್ನು ಹತೋಟಿಗೆ ತಂದಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಗೋವಿನ ಮೇಲಿನ ಭಕ್ತಿ ಇದರಿಂದ ಒಂದು ಗುಲಗಂಜಿಯೂ ಕಡಿಮೆಯಾಗಲಿಲ್ಲ. ಭಕ್ತಿಗೂ ಹೊಕ್ಕುಳಿಗೂ ಸಂಬಂಧ ಕಡಿದದ್ದರಿಂದ ಧರ್ಮಕ್ಕೆ ನಷ್ಟವಾಗಲಿಲ್ಲ ಎಂಬುದನ್ನು ಇಲ್ಲಿ ಗುರುತಿಸಿಕೊಳ್ಳಬೇಕು.

ಇದು ಪರಂಪರೆಯನ್ನು ಹೊರಗಿನ ಕೋಲಿನಿಂದ ಅಳೆಯುವ ಮಾತಾಯಿತಲ್ಲವೇ? ಬಳ್ಳಾರಿಯಂಥ ಊರಲ್ಲಿ ಈ ಆಕ್ಷೇಪಕ್ಕೆ ತೂಕವಿದೆ. ಇಲ್ಲಿ 1961ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ, ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜೂ ಇದೆ. ತುಂಗಭದ್ರಾ ಗ್ರಾಮದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದ ತಾರಾನಾಥರನ್ನು ಹಳೆಯದಕ್ಕೆ ಜೋತುಬಿದ್ದವರೆಂದು ಯಾರೂ ಹೇಳಲಾರರು. ಹಾಗಾಗಿ ಒಳಗಿನ ಕೋಲನ್ನೇ ತೆಗೆದುಕೊಳ್ಳೋಣ. ಲೋಕದಲ್ಲಿ ಔಷಧಿಯಲ್ಲದ ಪದಾರ್ಥವೇ ಇಲ್ಲ ಎಂಬ ಚರಕನ ಮಾತನ್ನು ಮನೆಮದ್ದಿನ ಪ್ರಚಾರಕರು ಬಲು ಇಷ್ಟದಿಂದ ಹೇಳುತ್ತಾರೆ. ಅದೇ ಉಸಿರಿನಲ್ಲಿ ಚರಕ ಹಾಕಿದ ಷರತ್ತನ್ನು, ಅಂದರೆ ಯುಕ್ತಿ ಮತ್ತು ಉದ್ದೇಶ ಕೂಡಿದರೆ ಎಂಬುದನ್ನು, ಬಿಟ್ಟುಬಿಡುತ್ತಾರೆ. ಎಲ್ಲವೂ ಔಷಧಿಯಾಗಬಲ್ಲದು ಎಂದಮೇಲೆ ನೈಸರ್ಗಿಕವೆಂಬುದಕ್ಕೆ ವಿಶೇಷ ಮಾನ ಎಲ್ಲಿ ಉಳಿಯಿತು? ಸರಿಯಾಗಿ ಬಳಸಿದ ವಿಷ ಮದ್ದು, ತಪ್ಪಾಗಿ ಬಳಸಿದ ಮದ್ದು ವಿಷ ಎಂದೂ ಅದೇ ಗ್ರಂಥದಲ್ಲಿದೆ. ಸುಶ್ರುತ ಇನ್ನೂ ಸ್ಪಷ್ಟ. ಮಧುಮೇಹಿಗಳ ವ್ರಣ ಕಷ್ಟದಿಂದ ಮಾಯುತ್ತದೆಂದು ಅವನು ಕುಷ್ಠ, ವಿಷಬಾಧೆಗಳ ಸಾಲಿನಲ್ಲಿಟ್ಟು ಎಚ್ಚರಿಸುತ್ತಾನೆ. ವ್ರಣಕ್ಕೆ ಅರವತ್ತು ಬಗೆಯ ಉಪಕ್ರಮ ಹೇಳುತ್ತಾನೆ. ಜೇನು ತುಪ್ಪ ಹಚ್ಚುವುದು ಅವುಗಳಲ್ಲಿ ಒಂದು ಮೂಲೆ ಮಾತ್ರ, ಕೊಯ್ಯುವುದು, ಸೀಳುವುದು, ಕೀವು ಹೊರಹಾಕುವುದು, ತೊಳೆಯುವುದು ಅದಕ್ಕೆ ಮೊದಲು ಬರುತ್ತವೆ. ಮತ್ತೊಂದು ಕಡೆ ಅವನೇ, ಹಣವಿಲ್ಲದ ಪ್ರಮೇಹಿ (ಮಧುಮೇಹವೂ ಸೇರಿದ ಮೂತ್ರರೋಗವುಳ್ಳವನು) ಚಪ್ಪಲಿ, ಕೊಡೆ ಬಿಟ್ಟು ಭಿಕ್ಷೆಯುಣ್ಣುತ್ತ ಮುನಿಯಂತೆ ನೂರು ಯೋಜನ ನಡೆಯಲಿ ಎನ್ನುತ್ತಾನೆ. ಮೈ ಬೆಳೆದವರ ಸಕ್ಕರೆ ಕಾಯಿಲೆಗೆ ನಡಿಗೆ ಒಳ್ಳೆಯ ಮದ್ದೇ. ಆದರೆ ಅಂಗಾಲು ಮರಗಟ್ಟಿದವರು ಈ ಮಾತನ್ನು ಅಕ್ಷರಶಃ ಹಿಡಿದು ಬರಿಗಾಲಲ್ಲಿ ಕೊಟ್ಟೂರಿಗೋ ಶ್ರೀಶೈಲಕ್ಕೋ ಹೊರಟರೆ ಮರಳಿ ಬರುವಾಗ ಬೆರಳು ಉಳಿಯಲಿಕ್ಕಿಲ್ಲ. ಒಂದೇ ಸಂಹಿತೆಯ ಎರಡು ಮಾತು ಹೀಗೆ ಒಂದಕ್ಕೊಂದು ತಿಕ್ಕಾಡಿದಾಗ ಯಾವುದನ್ನು ಯಾರಿಗೆ ಹೇಳಬೇಕೆಂದು ಆರಿಸಲು ಯುಕ್ತಿಯೇ ಬೇಕು. ಗ್ರಂಥದ ಮೇಲಿನ ಗೌರವ ಆ ಕೆಲಸ ಮಾಡಿಕೊಡುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಜಾಣತನದ್ದು. ದೊಡ್ಡ ಆಸ್ಪತ್ರೆಯ ದುಬಾರಿ ಪಟ್ಟಿಗಳೂ ನಿಸರ್ಗದಿಂದಲೇ ಬಂದವಲ್ಲವೇ? ಹೌದು. ಆಲ್ಜಿನೇಟ್ ಸಮುದ್ರದ ಪಾಚಿಯಿಂದ, ಕೈಟೋಸಾನ್ ಸೀಗಡಿಯ ಚಿಪ್ಪಿನಿಂದ, ಕೊಲಾಜನ್ ದನ ಅಥವಾ ಮೀನಿನ ಚರ್ಮದಿಂದ. ಔಷಧಿ ದರ್ಜೆಯ ಜೇನು ಜೇನೇ. ಅದರಲ್ಲಿರಬಹುದಾದ ಬೀಜಕಣಗಳನ್ನು ಗಾಮಾ ಕಿರಣ ಹಾಯಿಸಿ ಕೊಂದಿರುತ್ತಾರೆ, ಅಷ್ಟೇ ವ್ಯತ್ಯಾಸ. ಜೇನು ಸುಳ್ಳು ಮದ್ದೂ ಅಲ್ಲ: ದಟ್ಟ ಸಕ್ಕರೆಯಿಂದ ಅದು ಕ್ರಿಮಿಗಳ ನೀರು ಹೀರುತ್ತದೆ, ಹುಳಿಯಾಗಿದೆ, ಗಾಯದ ದ್ರವ ಬೆರೆತಾಗ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ವೈದ್ಯಕೀಯ ಪರೀಕ್ಷೆಗಳ ಪುರಾವೆಯನ್ನು ಒಟ್ಟುಗೂಡಿಸಿ ತೂಗುವ 2015ರ ಕಾಕ್ರೇನ್ ವಿಮರ್ಶೆ ಮೇಲ್ಮೈ ಸುಟ್ಟಗಾಯಗಳಿಗೆ ಜೇನು ಪ್ರಯೋಜನಕಾರಿ ಎಂದೇ ಹೇಳಿತು; ಸಕ್ಕರೆ ಕಾಯಿಲೆಯ ಪಾದದ ಹುಣ್ಣಿಗೆ ಮಾತ್ರ ಖಚಿತ ಪುರಾವೆ ಸಿಗಲಿಲ್ಲ. ಮುಂದಿನದು ಇನ್ನೂ ಸ್ವಾರಸ್ಯಕರ. ಮಧುಮೇಹದ ಪಾದದ ಬಗ್ಗೆ ಜಗತ್ತಿನ ತಜ್ಞರು ಕೂಡಿ ಮಾಡಿಕೊಂಡ ಅಂತಾರಾಷ್ಟ್ರೀಯ ಕಾರ್ಯಗುಂಪು 2023ರ ತನ್ನ ಮಾರ್ಗಸೂಚಿಯಲ್ಲಿ, ಹುಣ್ಣು ಮಾಯಿಸುವ ಉದ್ದೇಶಕ್ಕೆ ಜೇನು ಬೇಡ ಎಂದಿತು. ಅದೇ ಕೈಯಲ್ಲಿ ಕೊಲಾಜನ್, ಆಲ್ಜಿನೇಟ್ ಪಟ್ಟಿಗಳೂ ಬೇಡ ಎಂದಿತು. ಅಜ್ಜಿಯ ಡಬ್ಬಿಯ ಮೇಲೆ ಬಿದ್ದ ತೀರ್ಪೇ ಕಂಪನಿಯ ಡಬ್ಬಿಯ ಮೇಲೂ ಬಿತ್ತು. ಪಟ್ಟಿಗಳಲ್ಲಿ ಆ ಗುಂಪು ಪರಿಗಣಿಸಬಹುದು ಎಂದದ್ದು ರಕ್ತಸಂಚಾರವೂ ಕುಂದಿದ ಕೆಲವು ಹುಣ್ಣುಗಳಿಗೆ ಸುಕ್ರೋಸ್ ಆಕ್ಟಾಸಲ್ಫೇಟ್ ಲೇಪಿಸಿದ ಪಟ್ಟಿಯನ್ನು. ಯುರೋಪಿನ ಆಸ್ಪತ್ರೆಗಳಲ್ಲಿ 240 ರೋಗಿಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 20 ವಾರದೊಳಗೆ ಆ ಪಟ್ಟಿ ಹಾಕಿದವರಲ್ಲಿ ಶೇ. 48, ಬರೀ ಪಟ್ಟಿ ಹಾಕಿದವರಲ್ಲಿ ಶೇ. 30 ಹುಣ್ಣು ಮುಚ್ಚಿದವು. ಸುಕ್ರೋಸ್ ಎಂದರೆ ನಾವು ಚಹಾಕ್ಕೆ ಹಾಕುವ ಸಕ್ಕರೆ! ಹಾಗೆಂದು ಸಕ್ಕರೆ ಕಾಯಿಲೆಯ ಹುಣ್ಣಿಗೆ ಸಕ್ಕರೆಯನ್ನೇ ಸುರಿಯಲು ಯಾರೂ ಹೊರಡಬಾರದು. ಗಂಧಕ ಕೂಡಿಸಿ ರೂಪ ಬದಲಿಸಿದ ಆ ಕಣಕ್ಕೂ ಡಬ್ಬಿಯ ಸಕ್ಕರೆಗೂ ಹೆಸರಿನ ನಂಟಷ್ಟೇ ಉಳಿದಿದೆ. ಮೂಲ ಯಾವುದು ಎಂಬುದರಿಂದ ಫಲ ಏನು ಎಂದು ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ನನಗೆ ಸಿಕ್ಕಿಲ್ಲ.

ಹಾಗಾದರೆ ಮಾಯಿಸುವುದು ಯಾವುದು? ಸಕ್ಕರೆ ಹತೋಟಿ, ಸೋಂಕಿಗೆ ಔಷಧಿ, ರಕ್ತನಾಳ ಕಟ್ಟಿದ್ದರೆ ಅದಕ್ಕೆ ಚಿಕಿತ್ಸೆ, ಸತ್ತ ಮಾಂಸ ತೆಗೆಯುವುದು ಇವೆಲ್ಲ ಬೇಕೇ ಬೇಕು. ಇವುಗಳಷ್ಟೇ ಮುಖ್ಯವಾದ ಇನ್ನೊಂದು ಕೇಳಲು ತೀರ ಸಾದಾ: ಹುಣ್ಣಿನ ಮೇಲಿನ ಭಾರ ಇಳಿಸುವುದು. ಇದರ ಹಿಂದಿನ ಕಥೆ ನಮ್ಮ ದಕ್ಷಿಣ ದೇಶದ್ದೇ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಶಸ್ತ್ರವೈದ್ಯರಾಗಿದ್ದರು. ಕುಷ್ಠದಿಂದ ಕೈಕಾಲು ತಾನಾಗಿ ಕೊಳೆತು ಉದುರುತ್ತದೆ, ಅದು ಪಾಪದ ಫಲ ಎಂದು ಜನ ನಂಬಿದ್ದ ಕಾಲ. ನರ ಸತ್ತು ನೋವು ಹೋದದ್ದರಿಂದ ರೋಗಿಗಳು ತಮ್ಮ ಕೈಕಾಲನ್ನು ತಾವೇ ಸುಟ್ಟುಕೊಂಡು, ಜಜ್ಜಿಕೊಂಡು, ಹುಣ್ಣಿನ ಮೇಲೆಯೇ ನಡೆದು ಕಳೆದುಕೊಳ್ಳುತ್ತಿದ್ದಾರೆ ಎಂದು ಬ್ರ್ಯಾಂಡ್ ಕಂಡುಕೊಂಡರು. ಅಂಥ ಕಾಲಿಗೆ ಪ್ಲಾಸ್ಟರ್ ಕಟ್ಟಿ ಭಾರ ಹಂಚಿದರೆ ವರ್ಷಗಟ್ಟಲೆಯ ಹುಣ್ಣೂ ಮುಚ್ಚುತ್ತಿತ್ತು. ಮುಂದೆ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಯಲ್ಲಿದ್ದಾಗ ಅವರು ಅದೇ ಪಾಠವನ್ನು ಸಕ್ಕರೆ ಕಾಯಿಲೆಯವರ ಪಾದಕ್ಕೆ ದಾಟಿಸಿದರು. ನೋವು ಯಾರೂ ಬೇಡದ ವರ ಎಂದು ಅವರು ಬರೆದದ್ದು ಒಬ್ಬ ಕ್ರೈಸ್ತ ಭಕ್ತನ ದೇವತಾಶಾಸ್ತ್ರವೂ ಹೌದು, ಶಸ್ತ್ರವೈದ್ಯನ ಲೆಕ್ಕಾಚಾರವೂ ಹೌದು. 2001ರಲ್ಲಿ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು 63 ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದರು. 12 ವಾರದಲ್ಲಿ ಬಿಚ್ಚಲಾಗದ ಪ್ಲಾಸ್ಟರ್ ಹಾಕಿದವರಲ್ಲಿ ಶೇ. 89.5, ಬಿಚ್ಚಿಡಬಹುದಾದ ಬೂಟು ತೊಟ್ಟವರಲ್ಲಿ ಶೇ. 65, ಅರ್ಧ ಪಾದರಕ್ಷೆಯವರಲ್ಲಿ ಶೇ. 58.3 ಹುಣ್ಣು ಮಾಯ್ದಿದ್ದವು. ಗುಂಪುಗಳ ನಡುವೆ ಬದಲಾದದ್ದು ಹುಣ್ಣಿನ ಮೇಲೆ ಬೀಳುವ ಭಾರ. ಬೂಟಿನವರು ಯಾಕೆ ಹಿಂದೆ ಬಿದ್ದರು ಎಂಬುದರ ಸುಳಿವು ಎರಡು ವರ್ಷದ ನಂತರ ಇನ್ನೊಂದು ಅಧ್ಯಯನದಿಂದ ಸಿಕ್ಕಿತು: ದಿನದ ಹೆಜ್ಜೆಗಳಲ್ಲಿ ಶೇ. 28ಕ್ಕೆ ಮಾತ್ರ ಇಂಥವರ ಕಾಲಲ್ಲಿ ಬೂಟು ಇರುತ್ತಿತ್ತು. ನೋವಿಲ್ಲದ ಕಾಲಿಗೆ ಬೂಟು ತೊಡಬೇಕೆಂದು ಹೇಳುವವರು ಯಾರು?

ಭಾರ ಇಳಿಸುವ ಈ ಪಾಠ ಒಂದು ಹಳೆಯ ಧಾರ್ಮಿಕ ಕಥೆಯಲ್ಲೂ ಇದೆ. 1810ರಲ್ಲಿ ಬಳ್ಳಾರಿಗೆ ಬಂದ ಪಾದ್ರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದವರಲ್ಲಿ ಒಬ್ಬ. ಆ ಪುಸ್ತಕದ ಲೂಕನ ಸುವಾರ್ತೆಯಲ್ಲಿ ಸಮಾರ್ಯದವನ ದೃಷ್ಟಾಂತ ಬರುತ್ತದೆ. ದಾರಿಯಲ್ಲಿ ಬಡಿತ ತಿಂದು ಬಿದ್ದವನ ಗಾಯಗಳಿಗೆ ಅವನು ಎಣ್ಣೆ ಮತ್ತು ದ್ರಾಕ್ಷಾರಸ ಹೊಯ್ದು ಕಟ್ಟಿದ. ನೈಸರ್ಗಿಕ ಮದ್ದಿನ ಮಾತು ಅಷ್ಟಕ್ಕೇ ಮುಗಿಯುತ್ತದೆ. ಆಮೇಲೆ ಅವನು ಗಾಯಾಳುವನ್ನು ತನ್ನ ಸ್ವಂತ ಪ್ರಾಣಿಯ ಮೇಲೆ ಕೂರಿಸಿದ. ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿದ. ಮಾರನೆಯ ದಿನ ಛತ್ರದವನ ಕೈಗೆ ಹಣ ಕೊಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಎಂದ. ಕಾಲಿನ ಭಾರ ಇಳಿಸುವುದು, ಜಾಗ ಕೊಡುವುದು, ಖರ್ಚು ಹೊರುವುದು, ತಿರುಗಿ ಬಂದು ನೋಡುವುದು ಹೀಗೆ ಕಥೆಯ ಬಹುಪಾಲು ಇದೇ. ಧಾರ್ಮಿಕ ಕಥೆಯಿಂದ ಎಣ್ಣೆಯನ್ನು ಮಾತ್ರ ಹೆಕ್ಕಿಕೊಂಡು ಆ ಪ್ರಾಣಿಯನ್ನೂ ಛತ್ರವನ್ನೂ ಬಿಟ್ಟುಬಿಡುವುದು ನಮ್ಮ ಓದಿನ ದೋಷ. ನಮ್ಮ ಕಡೆಯ ದಾಸೋಹದ ಅರ್ಥವೂ ಇದಕ್ಕಿಂತ ಬಹಳ ದೂರದ್ದಲ್ಲ.

ಮೂರನೆಯ ಆಕ್ಷೇಪಕ್ಕೆ ಮಾತ್ರ ಸುಲಭದ ಉತ್ತರವಿಲ್ಲ. ಸಿರುಗುಪ್ಪದಿಂದ ಬಳ್ಳಾರಿ ಸುಮಾರು 55 ಕಿಲೋಮೀಟರ್. ಪ್ಲಾಸ್ಟರ್ ಹಾಕಿಸಿಕೊಂಡರೆ ಆರು ವಾರ, ಎಂಟು ವಾರ ಗದ್ದೆಗೆ ಇಳಿಯುವಂತಿಲ್ಲ. ನಾಟಿ, ಕೊಯ್ಲುಗಳ ಹಂಗಾಮಿನಲ್ಲಿ ಎಂಟು ವಾರ ಎಂದರೆ ವರ್ಷದ ಗಂಜಿ. ಜೀನ್ಸ್ ಹೊಲಿಯುವ ಘಟಕದಲ್ಲಿ ಪೆಡಲ್ ತುಳಿಯುವ ಕಾಲಿಗೂ ಇದೇ ಲೆಕ್ಕ. ಅರಿಶಿನ ಮೆತ್ತಿ ಬಟ್ಟೆ ಸುತ್ತಿದರೆ ನಾಳೆ ಬೆಳಿಗ್ಗೆಯೇ ಕೆಲಸಕ್ಕೆ ಹೋಗಬಹುದು. ನನ್ನ ಅಂದಾಜಿನಲ್ಲಿ ಮನೆಮದ್ದಿನ ಗಟ್ಟಿ ಆಧಾರ ನಂಬಿಕೆಗಿಂತ ಹೆಚ್ಚಾಗಿ ಇಲ್ಲಿದೆ: ಅದು ಕೂಲಿ ತಪ್ಪಿಸುವುದಿಲ್ಲ. ಆದ್ದರಿಂದ ಅರಿಶಿನ ಹಚ್ಚುವವರನ್ನು ಮೂಢರೆಂದು ಜರೆಯುವವರು ಅರ್ಧ ಸತ್ಯವನ್ನಷ್ಟೇ ಕಂಡಿದ್ದಾರೆ. ಆದರೂ ಈ ಆಕ್ಷೇಪ ಅರಿಶಿನದ ಪರ ವಾದವಾಗುವುದಿಲ್ಲ. ಅದು ಭಾರ ಇಳಿಸುವ ಹೊಣೆಯನ್ನು ರೋಗಿಯ ಹೆಗಲಿನಿಂದ ತೆಗೆದು ಮನೆ, ಊರು, ಸರ್ಕಾರಗಳ ಮೇಲೆ ಹಾಕುತ್ತದೆ. ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ವಯಸ್ಕರಲ್ಲಿ ಶೇ. 11.4 ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು. ಸಕ್ಕರೆ ಕಾಯಿಲೆಯವರಲ್ಲಿ ಐವರಿಗೆ ಒಬ್ಬರಿಂದ ಮೂವರಿಗೆ ಒಬ್ಬರವರೆಗೆ ಬದುಕಿನಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಬರಬಹುದೆಂಬ ಅಂದಾಜಿದೆ. ಜಾತ್ರೆಗೆ, ತೇರಿಗೆ ಪಟ್ಟಿ ಎತ್ತುವ ಊರು ಒಂದು ಕಾಲಿನ ಎಂಟು ವಾರದ ಕೂಲಿಗೆ ಪಟ್ಟಿ ಎತ್ತಲಾರದೇ?

ನಂಬಿಕೆಗೇ ಒಂದು ಶಕ್ತಿಯಿದೆಯಲ್ಲ, ಅದನ್ನೇಕೆ ಕಸಿಯಬೇಕು ಎನ್ನುವವರಿಗೂ ಉತ್ತರ ಕೊಡಬೇಕು. ಚರಕ ಚಿಕಿತ್ಸೆಯನ್ನು ಮೂರು ಮಾಡಿದ: ದೈವವನ್ನು ಆಶ್ರಯಿಸಿದ್ದು, ಯುಕ್ತಿಯನ್ನು ಆಶ್ರಯಿಸಿದ್ದು, ಮನಸ್ಸನ್ನು ಗೆಲ್ಲುವುದು. ಮೂರಕ್ಕೂ ಅವನಲ್ಲಿ ಜಾಗವಿದೆ. ಒಂದರ ಕೆಲಸವನ್ನು ಇನ್ನೊಂದಕ್ಕೆ ವಹಿಸಿಲ್ಲ. ಹರಕೆ, ಪ್ರಾರ್ಥನೆ, ವಿಭೂತಿ ಹಣೆಯ ಮೇಲಿದ್ದು ಮನಸ್ಸಿಗೆ ಧೈರ್ಯ ಕೊಡಲಿ. ನಂಬಿಕೆಯಿಂದ ನೋವು ಇಳಿಯುತ್ತದೆ ಎಂಬುದಕ್ಕೆ ಆಧುನಿಕ ವೈದ್ಯದಲ್ಲೂ ಸಾಕಷ್ಟು ಪುರಾವೆಯಿದೆ. ಇಳಿಸಲು ನೋವೇ ಇಲ್ಲದ ಹುಣ್ಣಿನಲ್ಲಿ ಆ ಶಕ್ತಿ ಏನನ್ನು ಹಿಡಿದುಕೊಳ್ಳಬೇಕು? ಅಲ್ಲಿ ಸಮಾಧಾನವೇ ಅಪಾಯ. ಬೆನ್ನುನೋವಿಗೆ ಹೇಳಬಹುದಾದ ಮಾತನ್ನು ಈ ಹುಣ್ಣಿಗೆ ಹೇಳಲಾಗದು.

ಪದಾರ್ಥದ ಪಾವಿತ್ರ್ಯ ಗಾಯಕ್ಕೆ ಇಳಿಯುವುದಿಲ್ಲ ಎಂದ ಮೇಲೆ ರೋಗಿಯ ಮನಸ್ಸಿಗೂ ಇಳಿಯುವುದಿಲ್ಲ ಎಂದು ಅರ್ಥವಲ್ಲ. ಇದನ್ನು ಆಸ್ಪತ್ರೆಗಳು ಮರೆಯುತ್ತವೆ. ಕೊಲಾಜನ್ ಹಾಳೆ ದನದ್ದೋ ಹಂದಿಯದ್ದೋ ಮೀನಿನದ್ದೋ ಎಂಬುದು ಲಿಂಗಾಯತ, ಜೈನ, ಮುಸ್ಲಿಂ ಮನೆಗಳಿಗೆ ಸಣ್ಣ ಸಂಗತಿಯಲ್ಲ. ಜೇನು ಹಿಂಸೆಯಿಂದ ಬಂದದ್ದೆಂದು ಜೈನರು ನಾಲಿಗೆಗೇ ತಾಗಿಸುವುದಿಲ್ಲ. ಅನಿವಾರ್ಯದಲ್ಲಿ ನಿಷಿದ್ಧವೂ ಸಲ್ಲುತ್ತದೆ ಎಂಬ ನಿಯಮ ಇಸ್ಲಾಮಿನಲ್ಲಿದೆ, ಆಪದ್ಧರ್ಮದ ಮಾತು ನಮ್ಮಲ್ಲೂ ಇದೆ. ಆದರೆ ಅನಿವಾರ್ಯವೋ ಅಲ್ಲವೋ ಎಂದು ತೀರ್ಮಾನಿಸಬೇಕಾದವರಿಗೆ ಅದು ಏನೆಂದು ಹೇಳಿರಬೇಕಷ್ಟೇ. ಅಷ್ಟಕ್ಕೂ ಕೊಲಾಜನ್ನಿನಿಂದ ಈ ಹುಣ್ಣು ಬೇಗ ಮಾಯುತ್ತದೆಂಬ ಪುರಾವೆಯೇ ಸಾಲದಾಗಿರುವಾಗ, ಹೇಳದೆ ಹಾಕುವುದು ಎರಡು ಪಟ್ಟು ತಪ್ಪು.

ದೇವಸ್ಥಾನದ ಅಂಗಳದ ಬಗ್ಗೆಯೂ ಒಂದು ಮಾತು. ಕುರುಗೋಡಿನ ದೊಡ್ಡಬಸವೇಶ್ವರನ ಏಕಶಿಲೆಯ ನಂದಿಯನ್ನು ನೋಡಲು ಏಪ್ರಿಲ್ ಮಧ್ಯಾಹ್ನ ಬಂದವರು ಕಲ್ಲಿನ ನೆಲದ ಮೇಲೆ ಕುಣಿಯುತ್ತ ಓಡುತ್ತಾರೆ. ಓಡದೆ ನಿಧಾನವಾಗಿ, ಭಕ್ತಿಯಿಂದ ನಡೆದು ಬರುವವರನ್ನು ನೋಡಿ ಹೆದರಬೇಕು; ಅವರ ಅಂಗಾಲಿಗೆ ಬಿಸಿ ತಿಳಿಯುತ್ತಿಲ್ಲ. ಸಂಜೆ ಮನೆಯಲ್ಲಿ ಬೊಬ್ಬೆ ಕಾಣುತ್ತದೆ. ಬರಿಗಾಲಿನ ನಿಯಮವನ್ನು ಮುರಿಯಬೇಕಾಗಿಲ್ಲ. ಚಪ್ಪಲಿ ಬಿಡುವ ಕಟ್ಟೆಯಿಂದ ಬಾಗಿಲವರೆಗೆ ತೆಂಗಿನ ನಾರಿನ ಚಾಪೆ ಹಾಸಿ ನೀರು ಚಿಮುಕಿಸಬಹುದು, ಸಕ್ಕರೆ ಕಾಯಿಲೆಯವರು ದಪ್ಪ ಬಟ್ಟೆಯ ಕಾಲುಚೀಲ ತೊಟ್ಟು ಬರಲು ಬಿಡಬಹುದು. ಕೆಲವು ಗುಡಿಗಳು ಇದನ್ನು ಮಾಡುತ್ತಿವೆ. ಮಾಡದಿರುವವು ಮಾಡಲಿ.

ಕೊನೆಗೆ, ಕುರುಡಾದ ಪ್ರತ್ಯಕ್ಷದ ಜಾಗದಲ್ಲಿ ಕೂರಬೇಕಾದ ಸಾಕ್ಷಿ. ಅದು ನಮ್ಮ ರೂಢಿಯಲ್ಲೇ ಇದೆ. ವಿಜಯದಶಮಿಯ ಸಂಜೆ ಬನ್ನಿ ಕೊಟ್ಟು ಹಿರಿಯರ ಕಾಲು ಮುಟ್ಟುತ್ತೇವೆ; ಆ ಕೈಯೇ ಸಾಕ್ಷಿಯಾಗಬಲ್ಲದು. ಹುಣ್ಣು ಬಾಯಿ ಬಿಡುವ ಮೊದಲೇ ಆ ಜಾಗ ಬಿಸಿಯಾಗುತ್ತದೆ. ಎರಡು ಪಾದಗಳ ಒಂದೇ ಜಾಗದಲ್ಲಿ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಎಚ್ಚರಿಕೆಯ ಗಂಟೆ ಎಂದು ವೈದ್ಯರು ಎಣಿಸುತ್ತಾರೆ. ಕೈ ಥರ್ಮಾಮೀಟರ್ ಅಲ್ಲ, ಆದರೂ ಮುಂಗೈ ಹಿಂಬದಿಗೆ ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಿದೆ ಎಂಬ ಅನುಮಾನ ಬರಲು ಸಾಕು. ಹಾಗಾಗಿ ಸಕ್ಕರೆ ಕಾಯಿಲೆಯ ಹಿರಿಯರಿರುವ ಮನೆಯವರಲ್ಲಿ ಒಂದು ಕೋರಿಕೆ: ಬನ್ನಿ ಹಬ್ಬದವರೆಗೆ ಕಾಯಬೇಡಿ. ಈ ರಾತ್ರಿಯೇ ದೀಪದ ಬೆಳಕಲ್ಲಿ ಅವರ ಎರಡೂ ಅಂಗಾಲು, ಬೆರಳ ಸಂದಿ ನೋಡಿ. ಆಣಿಯ ನಡುವೆ ಕಪ್ಪು ಚುಕ್ಕೆ ಕಂಡರೆ ಏನನ್ನೂ ಹಚ್ಚದೆ, ಸ್ವಚ್ಛ ಬಟ್ಟೆ ಸುತ್ತಿ, ನಡೆಸದೆ, ಬೆಳಿಗ್ಗೆ ಮೊದಲ ಬಸ್ಸಿಗೆ ಬಳ್ಳಾರಿಗೆ ಕರೆತನ್ನಿ.